ಮಲೆನಾಡಿನ ಹಿತ್ತಲೂ ಅಟ್ಟವೂ

ಬೈಲುಸೀಮೆಯವರಾದ ನಮ್ಮ ಕಣ್ಣಿಗೆ ಮಲೆನಾಡೆಂದರೆ ಹಸಿರಿನ ಭಂಡಾರ. ಇಂತಹ ನಾಡಿನಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಕಾಯಿಪಲ್ಯಕ್ಕೆ ಬರ ಬರುವುದೆಂದರೆ ಯಾರು ತಾನೆ ನಂಬುವರು? ನಾವೂ ನಂಬಿರಲಿಲ್ಲ. ಕಳೆದ ವೈಶಾಖದ ಕೊನೆಯಲ್ಲಿ ಕುಟುಂಬ ಸಮೇತರಾಗಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳಲ್ಲಿರುವ ನಮ್ಮ ಬಂಧುಗಳ ಮನೆಗಳಿಗೆ ಹೋಗಿ ಎಂಟು ದಿನ ಇದ್ದು ಬಂದ ಮೇಲೆ ಈ ಮಾತಿನ ಅರ್ಥವು ನಮಗೆ ತಿಳಿಯಿತು. ಆ ಮನೆಗಳ ಹೆಂಗಸರು ಈ ಬರವನ್ನು ಎದುರಿಸುವ ಬಗೆಯನ್ನು ಕಂಡು ಬೆರಗಾದೆವು. ಅದನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಬರಕ್ಕೆ ಕಾರಣವನ್ನು ಹೇಳಬೇಕು. ನಮ್ಮ ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾದರೆ ಅದು ಒಳ್ಳೆಯ ವರ್ಷ. ಶೃಂಗೇರಿಯ ನೆರೆಯಲ್ಲಿರುವ ಆಗುಂಬೆಯಲ್ಲಿ 7,000 ಮಿಲಿಮೀಟರನ್ನು ಮೀರಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿದುಹೋಗುತ್ತದೆ. ಆಗುಂಬೆಯಷ್ಟಲ್ಲದಿದ್ದರೂ ಈ ಮೂರು ತಾಲ್ಲೂಕುಗಳ ಘಟ್ಟದ ಅಂಚಿನ ಊರುಗಳಲ್ಲಿ ಆಷಾಢ ಶ್ರಾವಣಗಳಲ್ಲಿ ವಾರಗಟ್ಟಲೆ ಸೂರ್ಯದರ್ಶನವಿಲ್ಲ. ಬಟ್ಟೆ ಒಣಗದು, ಬೆಂಕಿಪೆಟ್ಟಿಗೆ ಹೊತ್ತದು, ಗೋಡೆಯೂ ಬೆವರುವುದು. ಎಲುಬನ್ನು ಹೊಕ್ಕುವ ಒದ್ದೆ ಚಳಿ. ಆಗ ಬದನೆಯ ಗಿಡವು ಬೇರು ಕೊಳೆತು ಸಾಯುತ್ತದೆ. ಟೊಮೇಟೊ ಎಲೆಯಲ್ಲಿಯೇ ಸುಟ್ಟಂತಾಗುತ್ತದೆ. ಸೊಪ್ಪಿನ ಮಡಿಯು ಒಂದೇ ರಾತ್ರಿಯ ಹೊಡೆತಕ್ಕೆ ನೆಲದಲ್ಲಿ ಮಲಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಹೇಮಂತ ಶಿಶಿರಗಳು ಹೇಗೋ ಮಲೆನಾಡಿಗೆ ಮಳೆಗಾಲವು ಹಾಗೆ.

ಬಾಳೆಹೊನ್ನೂರು ಜಯಪುರಗಳ ಮಾರ್ಗವಾಗಿ ಶೃಂಗೇರಿಯನ್ನು ಸೇರಿದಾಗ ಸಂಜೆಯಾಗಿತ್ತು. ಶ್ರೀ ಶಾರದಾಂಬೆಯ ದರ್ಶನವನ್ನೂ, 14ನೆಯ ಶತಮಾನದ ವಿದ್ಯಾಶಂಕರ ದೇವಾಲಯದ ರಾಶಿಕಂಬಗಳನ್ನೂ, ತುಂಗೆಯ ಮೀನುಗಳನ್ನೂ ಕುರಿತು ಈಗಾಗಲೇ ಅನೇಕರು ಬರೆದಿರುವುದರಿಂದ ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮರುದಿನ ಬೆಳಗ್ಗೆ ಊರಿನಿಂದ ಎರಡು ಹರಿದಾರಿ ದೂರದಲ್ಲಿರುವ ನಮ್ಮ ಅಕ್ಕನ ಮನೆಗೆ ಹೋದೆವು. ಈಕೆ ಕೊಪ್ಪದ ನಮ್ಮ ದೊಡ್ಡಮ್ಮನವರ ಮಗಳು. ಅಡಿಕೆ ತೋಟದ ತಲೆಯಲ್ಲಿ ಮನೆ, ಮನೆಯ ಹಿಂದೆ ಹಿತ್ತಲು.

ಅಂದು ರೋಹಿಣೀ ಮಳೆ ಹುಟ್ಟಿ ಎರಡು ದಿನಗಳಾಗಿದ್ದವು. ಅಕ್ಕನಿಗೆ ಮಾತನಾಡಲು ಪುರಸೊತ್ತಿರಲಿಲ್ಲ. ಹಿತ್ತಲಲ್ಲಿ ಮಣ್ಣನ್ನು ಮೊಣಕಾಲೆತ್ತರದ ಗುಡ್ಡೆಗಳಾಗಿ ಏರಿಸಿ, ಒಂದೊಂದರ ಮೇಲೂ ಒಣ ಎಲೆಯೊಡನೆ ಸುಟ್ಟ ಮಣ್ಣು, ಬೂದಿ, ಕೊಟ್ಟಿಗೆಯ ಹಳೆಯ ಗೊಬ್ಬರಗಳನ್ನು ಬೆರೆಸಿ ಹಾಕುತ್ತಿದ್ದರು. ನಮ್ಮ ಕಡೆ ಗಿಡಕ್ಕೆ ನೀರು ನಿಲ್ಲಲೆಂದು ಪಾತಿಯನ್ನು ತಗ್ಗಿಸುತ್ತೇವೆ. ಅಲ್ಲಿ ನೀರು ನಿಲ್ಲದಿರಲೆಂದು ಏರಿಸುತ್ತಾರೆ. ಬೇರು ಮುಳುಗದಿದ್ದರೆ ಹೀರೆ, ಹಾಗಲ, ಪಡುವಲ, ಬೆಂಡೆ, ಮಳೆಗಾಲದ ಸೌತೆ ಇವು ಮಳೆಯನ್ನು ತಡೆದುಕೊಳ್ಳುತ್ತವೆ. ಮೃಗಶಿರಾ ಮಳೆಯು ಬಲಿಯುವುದರೊಳಗೆ ಮೊಳೆತು ನಾಲ್ಕೆಲೆಯಾಗಿರಬೇಕು. ತಡವಾದರೆ ಮೊಳಕೆಯು ಮಣ್ಣಿನಲ್ಲೇ ಕರಗುತ್ತದೆ. ಬಳ್ಳಿಗೆ ಅಡಿಕೆ ದಬ್ಬೆಯ ಚಪ್ಪರವೂ ಸಿದ್ಧವಾಗಿತ್ತು. ಹೀಗೆ ನೆಟ್ಟರೂ ಕಾಯಿ ಕೈಗೆ ಬರುವುದು ಶ್ರಾವಣದ ಹೊತ್ತಿಗೆ. ಅಲ್ಲಿಯವರೆಗೆ ಹಿತ್ತಲಿನಿಂದ ಸಿಕ್ಕುವುದು ಬಸಳೆ, ಕೆಸು, ಒಂದೆಲಗದಂತಹ ತಂಬುಳಿಯ ಸೊಪ್ಪುಗಳು, ಇಷ್ಟೇ.

ಸಾಲಿನ ಕೊನೆಯಲ್ಲಿ ನಾಲ್ಕು ಗುಡ್ಡೆಗಳು ಬರಿದಾಗಿದ್ದುವು. "ಇವಕ್ಕೆ ಬೀಜ ಹಾಕಲಿಲ್ಲವೇಕೆ?" ಎಂದು ಕೇಳಿದೆವು.

"ಅವು ಅಮ್ಮನ ಸೌತೆಗೆ. ಬೀಜ ಕೊಪ್ಪದಿಂದ ಬರಬೇಕು. ಪ್ರತಿ ವರ್ಷವೂ ಅಮ್ಮನೇ ಕಳಿಸುತ್ತಿದ್ದಳು. ಅವಳು ಕೊಡುತ್ತಾಳಲ್ಲ ಎಂದು ನಾನು ಬೀಜ ಇಡಲೇ ಇಲ್ಲ. ಈ ವರ್ಷ ಏಕೋ ಇನ್ನೂ ಬಂದಿಲ್ಲ. ಹೋದಾಗ ನೀವಾದರೂ ನೆನಪು ಮಾಡಿ" ಎಂದರು ಅಕ್ಕ.

ಎರಡು ದಿನಗಳ ಮೇಲೆ ಹರಿಹರಪುರದಲ್ಲಿ ತುಂಗೆಗೆ ಕೈಮುಗಿದು ಕೊಪ್ಪಕ್ಕೆ ಬಂದೆವು. ದೊಡ್ಡಮ್ಮನವರಿಗೆ ಎಂಬತ್ತು ದಾಟಿದೆ; ಕಣ್ಣು ಮಂಜಾಗಿದ್ದರೂ ಕೈ ಮಂಜಾಗಿಲ್ಲ. ಮನೆಯ ಅಂಗಳದಲ್ಲಿ ಅಡಿಕೆ ಒಣಗಿಸುವ ಚಪ್ಪರದ ಮೇಲೆ ಆ ದಿನ ಅಡಿಕೆಯಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಹಲಸಿನ ಹಪ್ಪಳ. ಬಲಿತು ಇನ್ನೂ ಹಣ್ಣಾಗದ ಹಲಸಿನ ತೊಳೆಯನ್ನು ಹಬೆಯಲ್ಲಿ ಬೇಯಿಸಿ, ಉಪ್ಪು ಮೆಣಸು ಸೇರಿಸಿ ಒರಳಿನಲ್ಲಿ ಕುಟ್ಟಿ, ಎಣ್ಣೆ ಸವರಿದ ಬಾಳೆಲೆಗಳ ನಡುವೆ ಒತ್ತಿ ಬಿಸಿಲಿಗೆ ಹಾಕುವುದು. ನೆರೆಮನೆಯ ನಾಲ್ವರು ಹೆಂಗಸರು ಬಂದು ಕೂತಿದ್ದರು. ನಾಳೆ ಈ ಮನೆಯವರು ಅವರಲ್ಲಿಗೆ ಹೋಗತಕ್ಕದ್ದು. ಹಪ್ಪಳದ ಲೆಕ್ಕವನ್ನು ನೂರರಲ್ಲಿ ಹೇಳುತ್ತಾರೆ. ಹತ್ತಿಪ್ಪತ್ತರಲ್ಲಿ ಯಾರೂ ಹೇಳುವುದಿಲ್ಲ.

ಊಟವಾದ ಮೇಲೆ ದೊಡ್ಡಮ್ಮನವರು ನಮ್ಮನ್ನು ಅಟ್ಟಕ್ಕೆ ಕಳುಹಿಸಿದರು. ತಾವು ಕೆಳಗೆ ಏಣಿಯ ಬುಡದಲ್ಲಿ ನಿಂತುಕೊಂಡು ಎಲ್ಲೆಲ್ಲಿ ಏನೇನು ಇರಬೇಕೆಂಬುದನ್ನು ಹೇಳುತ್ತ ಹೋದರು. ನಾವು ನೋಡುತ್ತ ಹೋದೆವು. ಜಂತಿಯಿಂದ ಬಾಳೆನಾರಿನ ಉರಿಗಳಲ್ಲಿ ಸಾಂಬಾರು ಸೌತೆಗಳು ಸಾಲಾಗಿ ತೂಗುತ್ತಿದ್ದುವು. ಭತ್ತದ ಕುಯಿಲಾದ ಗದ್ದೆಯಲ್ಲಿ ಹಳ್ಳದ ನೀರು ಹಾಯಿಸಿ ಬೇಸಗೆಯಲ್ಲಿ ಬೆಳೆದವು ಇವು. ನೆಲಕ್ಕೂ ತಾಗದೆ ಒಂದಕ್ಕೊಂದೂ ತಾಗದೆ ಗಾಳಿಯಲ್ಲಿ ತೂಗಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೂದುಗುಂಬಳಗಳು ಮೈಮೇಲಿನ ಬಿಳಿಯ ಬೂದಿ ಅಳಿಸದಂತೆ ಬಿಡಿಬಿಡಿಯಾಗಿ ಹಲಗೆಯ ಮೇಲೆ ಕೂತಿದ್ದುವು. ಮೂಲೆಯಲ್ಲಿ ಸುವರ್ಣಗೆಡ್ಡೆ, ಅದರ ಪಕ್ಕದ ಕುಕ್ಕೆಯಲ್ಲಿ ಕೆಮ್ಮಣ್ಣು ಬಳಿದು ಒಣಗಿಸಿದ ಹಲಸಿನ ಬೀಜ. ಡಬ್ಬಿಗಳಲ್ಲಿ ಮಜ್ಜಿಗೆಮೆಣಸು, ಹಾಗಲದ ಬಾಳಕ, ಗೋರಿಕಾಯಿ ಬಾಳಕ, ಮುರುಗಲ ಹಣ್ಣಿನ ಒಣಸಿಪ್ಪೆ.

ಕೆಳಗೆ ಕತ್ತಲೆಕೋಣೆಯಲ್ಲಿ ಭರಣಿಗಳು. ಮೊದಲನೆಯದು ಮಾವಿನ ಮಿಡಿಯದು. ಮಿಡಿಯನ್ನು ಮರದಿಂದ ಉದುರಿಸಬಾರದು; ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಸಬೇಕು; ತೊಟ್ಟು ಒಂದಂಗುಲ ಉಳಿದಿರಬೇಕು. ತೊಟ್ಟಿನ ಸೊನೆಯಲ್ಲಿಯೇ ಪರಿಮಳವಿರುವುದು. ತೊಳೆದು ನೀರಾರಿಸಿ ಐದು ಅಳತೆ ಮಿಡಿಗೆ ಒಂದು ಅಳತೆ ಹರಳುಪ್ಪಿನಂತೆ ಪದರ ಪದರವಾಗಿ ಹಾಕುವುದು ಆ ಮನೆಯ ಲೆಕ್ಕ. ಮಿಡಿಯು ನೀರುಬಿಟ್ಟು ಚಿರುಟಿದ ಮೇಲೆ ಆ ಉಪ್ಪುನೀರನ್ನೇ ಕುದಿಸಿ ಸೋಸಿ ಆರಿಸಿ, ಅದರಲ್ಲಿ ಸಾಸಿವೆ ಮೆಣಸುಗಳನ್ನು ಅರೆದು ಕಲಸುತ್ತಾರೆ. ಹೊರಗಿನ ನೀರು ಒಂದು ಹನಿಯೂ ಬೀಳಕೂಡದು.

ಎರಡನೆಯ ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ತೊಳೆ. ಮೇಲೆ ಹಲಗೆ, ಹಲಗೆಯ ಮೇಲೆ ತೊಳೆದ ಕಲ್ಲು. ಬೇಕಾದಾಗ ತೆಗೆದು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಪಲ್ಯಕ್ಕೂ ರೊಟ್ಟಿಗೂ ಆಗುವುದು. ಮೂರನೆಯ ಭರಣಿ ಬರಿದಾಗಿತ್ತು, ಅದು ಕಳಲೆಗೆ. ಮಳೆ ಹಿಡಿದ ಮೇಲೆ ಹುಟ್ಟುವ ಎಳೆಬಿದಿರನ್ನು ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಸಿಯೇ ಬಳಸತಕ್ಕದ್ದು. ಎಳೆಬಿದಿರಿನಲ್ಲಿ ಸಯನೈಡನ್ನು ಬಿಡುವ ವಸ್ತುವಿದೆಯೆಂದು ರಸಾಯನಶಾಸ್ತ್ರಜ್ಞರು ಹೇಳುತ್ತಾರೆ. "ಅವಸರದ ಕಳಲೆ ಹೊಟ್ಟೆಗಾಗದು" ಎಂದಷ್ಟೇ ದೊಡ್ಡಮ್ಮನವರ ಮಾತು. ಎರಡರ ಫಲವೂ ಒಂದೇ.

ಈ ಕ್ರಮಗಳ ಹಿಂದೆ ಇರುವ ತತ್ತ್ವವು ಸರಳವಾದುದು. ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ತೇವ ಬೇಕು. ಬಿಸಿಲು ತೇವವನ್ನು ತೆಗೆಯುತ್ತದೆ. ಉಪ್ಪು ಅದನ್ನು ಹೀರಿ ಕಟ್ಟಿಹಾಕುತ್ತದೆ. ಹುಳಿಯು ಕೆಡುಕಿನ ಜೀವಿಗಳನ್ನು ಅಡಗಿಸುತ್ತದೆ. ಹೊಗೆಯು ಒಣಗಿಸುವುದರೊಡನೆ ಹುಳವನ್ನೂ ದೂರವಿಡುತ್ತದೆ. ಫ್ರಾನ್ಸಿನ ನಿಕೊಲಾ ಅಪ್ಪೆರ್ ಎಂಬಾತನು ಆಹಾರವನ್ನು ಗಾಜಿನ ಪಾತ್ರೆಯಲ್ಲಿ ಮುಚ್ಚಿ ಕುದಿಸಿ ಕಾಪಾಡುವ ವಿಧಾನವನ್ನು 1810ರಲ್ಲಿ ಪ್ರಕಟಿಸಿ ಅಲ್ಲಿನ ಸರ್ಕಾರದಿಂದ 12,000 ಫ್ರಾಂಕುಗಳ ಬಹುಮಾನವನ್ನು ಪಡೆದನು. ಅದು ಏಕೆ ಕೆಡುವುದಿಲ್ಲವೆಂಬುದು ಅವನಿಗೂ ತಿಳಿದಿರಲಿಲ್ಲ. ಪಾಶ್ಚರನು ಮುಂದೆ ಅದನ್ನು ವಿವರಿಸಿದನು. ನಮ್ಮ ಅಜ್ಜಿಯರೂ ಕಾರಣವನ್ನು ಹೇಳದೆ ಕಾರ್ಯವನ್ನು ಸಾಧಿಸಿದವರೇ. ಕೊರಿಯಾ ದೇಶದಲ್ಲಿ ಚಳಿಗಾಲಕ್ಕೆ ಮುನ್ನ ನೆರೆಹೊರೆಯವರು ಸೇರಿ ಕೋಸನ್ನು ಉಪ್ಪು ಖಾರಗಳಲ್ಲಿ ಹಾಕಿಡುವ 'ಕಿಮ್ಜಾಂಗ್' ಎಂಬ ಪದ್ಧತಿಯನ್ನು ಯುನೆಸ್ಕೊ ಸಂಸ್ಥೆಯು 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊಪ್ಪದ ಅಂಗಳದಲ್ಲಿ ಹಪ್ಪಳ ಒತ್ತುತ್ತಿದ್ದ ಆ ನಾಲ್ವರಿಗೆ ಈ ಸಂಗತಿಯನ್ನು ಹೇಳಿದಾಗ, "ಅವರಿಗೂ ನಮ್ಮ ಹಾಗೆ ಬೆನ್ನು ನೋಯುತ್ತದಲ್ಲ!" ಎಂದು ನಕ್ಕರು.

ಆದರೆ ಎಲ್ಲವೂ ನಗುವ ಸಂಗತಿಯಾಗಿರಲಿಲ್ಲ. ಅಕ್ಕನ ಬೀಜದ ವಿಷಯವನ್ನು ಎತ್ತಿದೊಡನೆ ದೊಡ್ಡಮ್ಮನವರ ಮುಖ ಬಾಡಿತು. ಅವರು ಎದ್ದು ಹೋಗಿ ಒಂದು ಸಣ್ಣ ಮಡಕೆಯನ್ನು ತಂದು ನಮ್ಮ ಮುಂದೆ ಕವುಚಿದರು. ಬೂದಿಯೊಡನೆ ಹಸಿರುಬೂಷ್ಟು ಹಿಡಿದ ಸೌತೆಬೀಜಗಳು ಉಂಡೆಯಾಗಿ ಬಿದ್ದುವು.

"ಐವತ್ತು ವರ್ಷ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ, ಒಂದು ಬೀಜವೂ ಕೆಡಲಿಲ್ಲ. ಮೂರು ವರ್ಷದ ಹಿಂದೆ ಹೊಸ ಅಡಿಗೆಮನೆಯಾಯಿತು, ಗ್ಯಾಸ್ ಬಂತು. ಹೊಗೆಯಿಲ್ಲ, ಕಣ್ಣಿಗೆ ಸುಖ. ನಾನು ಮಡಕೆಯನ್ನು ಹಳೆಯ ಜಾಗದಲ್ಲಿಯೇ ಇಟ್ಟೆ. ಹೋದ ಮಳೆಗಾಲದಲ್ಲಿ ಥಂಡಿ ಕುಡಿಯಿತು. ತಪ್ಪು ನನ್ನದೇ" ಎಂದರು.

ಇದು ಪೇಟೆಯಲ್ಲಿ ಸಿಕ್ಕುವ ಸೌತೆಯಲ್ಲ. ಅವರು ಮದುವೆಯಾಗಿ ಬಂದಾಗ ತೌರುಮನೆಯಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ತಳಿ. ಮಳೆಗೆ ಕೊಳೆಯದು; ಎಳೆಯದಾದಾಗ ಹಸಿಯಾಗಿ ತಿನ್ನಲೂ, ಬಲಿತ ಮೇಲೆ ಕಡುಬಿಗೂ ಆಗುವುದು. ಅಂಗಡಿಯ ಪೊಟ್ಟಣದ ಬೀಜವನ್ನು ಒಂದೆರಡು ಬಾರಿ ಹಾಕಿ ನೋಡಿದರಂತೆ. ಬಳ್ಳಿಯೇನೋ ಬಂತು, ಆಷಾಢವನ್ನು ದಾಟಲಿಲ್ಲ. ಈಗ ಉಳಿದಿದ್ದ ಆಸೆ ಒಂದೇ. ಹಿಂದೊಮ್ಮೆ ನರಸಿಂಹರಾಜಪುರದಲ್ಲಿರುವ ತಂಗಿಗೆ ಇದೇ ಬೀಜವನ್ನು ಕೊಟ್ಟಿದ್ದರು. "ನೀವು ಹೇಗೂ ಅಲ್ಲಿಗೆ ಹೋಗುವವರು. ಕೇಳಿ ನೋಡಿ. ಮೃಗಶಿರಾ ಹುಟ್ಟುವುದಕ್ಕೆ ಇನ್ನು ಎಂಟೇ ದಿನ" ಎಂದರು.

ಹೀಗೆ ನಮ್ಮ ಪ್ರವಾಸಕ್ಕೆ ಒಂದು ಕೆಲಸ ಗಂಟುಬಿತ್ತು. ಕೊಪ್ಪದಿಂದ ಈಶಾನ್ಯಕ್ಕೆ ಹೋದಂತೆ ಘಟ್ಟದ ಬಿಗಿ ಸಡಿಲುತ್ತದೆ. ಮಳೆಯೂ ಸ್ವಲ್ಪ ಇಳಿಯುತ್ತದೆ. ನರಸಿಂಹರಾಜಪುರಕ್ಕೆ ಹಿಂದೆ ಎಡೇಹಳ್ಳಿಯೆಂದು ಹೆಸರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಿಂದ 1915ರಲ್ಲಿ ಈಗಿನ ಹೆಸರಾಯಿತು. ತರೀಕೆರೆಯಿಂದ ಇಲ್ಲಿಗೆ ಒಂದು ಕಾಲದಲ್ಲಿ ಸಣ್ಣ ರೈಲು ಓಡುತ್ತಿತ್ತು. 1960ರ ದಶಕದಲ್ಲಿ ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟು ಮುಗಿದು ನೀರು ನಿಂತಾಗ ಈ ಕಡೆಯ ಅನೇಕ ಊರುಗಳೂ ಗದ್ದೆಗಳೂ ಮುಳುಗಿದುವು. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳ ರಬ್ಬರು ತೋಟಗಳು ದಾರಿಯುದ್ದಕ್ಕೂ ಕಾಣುತ್ತವೆ. ಅಂತಹ ಒಂದು ಮನೆಯ ಅಂಗಳದಲ್ಲಿ ಮರಗೆಣಸನ್ನು ಬಿಲ್ಲೆಗಳಾಗಿ ಕೊಯ್ದು, ಅರೆಬೇಯಿಸಿ ನೀರು ಬಸಿದು, ಬಿಸಿಲಿಗೆ ಹರಡಿದ್ದುದನ್ನು ಕಂಡೆವು. ಅವರ ಮಳೆಗಾಲದ ಬುತ್ತಿ ಅದು. ಮರಗೆಣಸಿನಲ್ಲಿಯೂ ಕಳಲೆಯಲ್ಲಿರುವಂತಹುದೇ ದೋಷವಿದೆ. ಭಾಷೆ ಬೇರೆ, ಗೆಡ್ಡೆ ಬೇರೆ. ಮಳೆಯ ಭಯವೂ ನೀರು ಬಸಿಯುವ ಎಚ್ಚರವೂ ಒಂದೇ.

ಚಿಕ್ಕಮ್ಮನವರ ಮನೆಯನ್ನು ಸೇರಿ ಹಿತ್ತಲನ್ನು ನೋಡಿದೊಡನೆ ನಮ್ಮ ಆಸೆ ಕುಂದಿತು. ಚಪ್ಪರವಿಲ್ಲ, ಗುಡ್ಡೆಗಳಿಲ್ಲ, ಮೊಣಕಾಲುದ್ದ ಹುಲ್ಲು. "ಮಂಗಗಳ ಕಾಟ. ಹೂವು ಬಿಟ್ಟದ್ದೇ ತಡ, ಬಳ್ಳಿಯನ್ನೇ ಕಿತ್ತು ಹಾಕುತ್ತವೆ. ಎರಡು ವರ್ಷ ಕಾದು ಸಾಕಾಯಿತು. ಈಗ ಎಲ್ಲವೂ ಪೇಟೆಯಿಂದಲೇ" ಎಂದರು ಚಿಕ್ಕಮ್ಮ. ಈ ಮಾತನ್ನು ಮೂರು ತಾಲ್ಲೂಕುಗಳಲ್ಲಿಯೂ ಕೇಳಿದ್ದೆವು. ಮಕ್ಕಳು ಬೆಂಗಳೂರಿಗೆ ಹೋಗಿದ್ದಾರೆ. ಮಂಗವನ್ನು ಓಡಿಸಲು ಮನೆಯಲ್ಲಿ ಕೈಕಾಲು ಗಟ್ಟಿಯಿರುವವರಿಲ್ಲ. ಹಳದಿ ಎಲೆ ರೋಗದಿಂದ ಅಡಿಕೆ ತೋಟವೂ ಕೈಹಿಡಿಯುತ್ತಿಲ್ಲ. ಘಟ್ಟದ ಕೆಳಗಿನಿಂದಲೂ ಬೈಲುಸೀಮೆಯಿಂದಲೂ ಲಾರಿಯಲ್ಲಿ ಬರುವ ಕೋಸು, ಆಲೂಗೆಡ್ಡೆ, ಹುರುಳಿಕಾಯಿಗಳನ್ನು ಕೊಳ್ಳುವುದೇ ಸುಲಭವಾಗಿದೆ. ಅದನ್ನು ತಪ್ಪೆನ್ನಲು ನಾವು ಯಾರು? ದಿನವೂ ಬೆನ್ನು ಬಗ್ಗಿಸುವವರು ಅವರು. ಊಟಕ್ಕೆ ಬಂದವರು ನಾವು.

ಬೀಜದ ಮಾತನ್ನು ಕೇಳಿ ಚಿಕ್ಕಮ್ಮನವರು ಬಹಳ ಹೊತ್ತು ಸುಮ್ಮನಿದ್ದರು. ಪೆಟ್ಟಿಗೆ ನೋಡಿದರು, ಉಗ್ರಾಣ ನೋಡಿದರು. ಕೊನೆಗೆ ಏನೋ ಹೊಳೆದವರಂತೆ ಕೊಟ್ಟಿಗೆಯ ಕಡೆಗೆ ನಡೆದರು. ಮನೆಗೆಲ್ಲ ಸಿಮೆಂಟು ಬಳಿದಿದ್ದರೂ ದನವಿಲ್ಲದ ಕೊಟ್ಟಿಗೆಯ ಹಿಂದಿನ ಗೋಡೆಯು ಮಣ್ಣಿನದಾಗಿಯೇ ಉಳಿದಿತ್ತು. ಸೂರಿನ ಮರೆಯಲ್ಲಿ, ಮಂಗದ ಕೈಗೂ ಮಳೆಯ ಎರಚಿಗೂ ಸಿಕ್ಕದ ಎತ್ತರದಲ್ಲಿ, ರೊಟ್ಟಿಯಗಲದ ಒಂದು ಸಗಣಿಯ ಬೆರಣಿ ಅಂಟಿಕೊಂಡಿತ್ತು. ಸೌತೆಯ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಮೆತ್ತಿಡುವುದು ಹಳೆಯ ಕ್ರಮ. ಎರಡು ವರ್ಷದ ಹಿಂದೆ ಮೆತ್ತಿ ಅವರೇ ಮರೆತಿದ್ದರು.

ಬೆರಣಿಯನ್ನು ಮೊರದ ಮೇಲೆ ಒಡೆದು ಪುಡಿಮಾಡಿದೆವು. 23 ಬೀಜಗಳು ಸಿಕ್ಕಿದುವು. ಬೂಷ್ಟಿಲ್ಲ, ಹುಳವಿಲ್ಲ. ಎಲ್ಲವನ್ನೂ ಕಟ್ಟಿಕೊಡುವರೆಂದು ನಾವು ಬಟ್ಟೆ ಹಿಡಿದು ನಿಂತೆವು. ಚಿಕ್ಕಮ್ಮನವರು 12 ಬೀಜಗಳನ್ನು ಎಣಿಸಿ ನಮಗೆ ಕೊಟ್ಟು, 11ನ್ನು ಮಡಿಚಿ ತಾವು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಎಲ್ಲ ಅಕ್ಕನಿಗೇ ಕೊಡಬಹುದು. ಆದರೆ ಅಲ್ಲಿ ಕೆಟ್ಟರೆ ಮತ್ತೆ ಯಾರ ಮನೆಗೆ ಓಡುತ್ತೀರಿ? ಎರಡು ಮನೆಯಲ್ಲಿರಲಿ. ಅವಳು ನನಗೆ ಕೊಟ್ಟದ್ದರಿಂದಲ್ಲವೇ ಈ ದಿನ ಅವಳಿಗೆ ಸಿಕ್ಕಿದ್ದು? ನಾನೂ ಈ ವರ್ಷ ಬಚ್ಚಲ ಹಿಂದೆ ಹಾಕಿ, ಹಳೆಯ ಮೀನುಬಲೆಯನ್ನು ಮೇಲೆ ಹೊದಿಸಿ ನೋಡುತ್ತೇನೆ."

ಮರುದಿನ ಕೊಪ್ಪಕ್ಕೆ ಹಿಂದಿರುಗಿ ಆ ಗಂಟನ್ನು ದೊಡ್ಡಮ್ಮನವರ ಕೈಯಲ್ಲಿಟ್ಟೆವು. ಅವರು ಬೆರಳತುದಿಯಿಂದ ಒಂದೊಂದನ್ನೂ ಮುಟ್ಟಿ ಎಣಿಸಿದರು. ಮಾತೇನೂ ಆಡಲಿಲ್ಲ. ಸಂಜೆಯೇ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯಿದ್ದ ಬಚ್ಚಲಿನ ಬಿಸಿ ಕಟ್ಟೆಯ ಬಳಿ ಇಟ್ಟರು. ನಾವು ಮೈಸೂರಿಗೆ ಹೊರಟಾಗ ಬೆಟ್ಟದ ಮೇಲೆ ಮೋಡ ಕವಿದಿತ್ತು.

ಆಷಾಢದಲ್ಲಿ ಅವರ ಮೊಮ್ಮಗನು ದೂರವಾಣಿಯಲ್ಲಿ ತಿಳಿಸಿದನು: 12ರಲ್ಲಿ 7 ಮೊಳೆತುವು, ಎರಡು ಸಸಿಗಳನ್ನು ಶೃಂಗೇರಿಯ ಅಕ್ಕನಿಗೆ ಮಣ್ಣುಸಹಿತ ಕಳುಹಿಸಿದರು, ಒಂದನ್ನು ಬಸವನಹುಳು ತಿಂದಿತು, ಉಳಿದ ನಾಲ್ಕು ಚಪ್ಪರವನ್ನೇರಿವೆ. ಚಿಕ್ಕಮ್ಮನವರ ಬಲೆಯ ಕೆಳಗೂ ಮೂರು ಬಳ್ಳಿಗಳಿವೆಯಂತೆ. ಗೌರೀಗಣೇಶನ ಹಬ್ಬ ಕಳೆದ ಮೇಲೆ ಊರಿನವರೊಬ್ಬರ ಕೈಯಲ್ಲಿ ನಮಗೂ ಒಂದು ಕಾಯಿ ಬಂತು. ತಿನ್ನುವುದಕ್ಕಲ್ಲ, ಹಣ್ಣಾಗಿ ಹಳದಿಗೆ ತಿರುಗಿದ ಬೀಜದ ಕಾಯಿ.

ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಅಟ್ಟವಿಲ್ಲ, ಹಿತ್ತಲೂ ಇಲ್ಲ. ಆದರೂ ಪ್ರತಿಯೊಂದು ಮನೆಯಲ್ಲಿಯೂ ಹಿರಿಯರ ಕೈಯಲ್ಲಿ ಮಾತ್ರ ಇರುವ ಏನಾದರೊಂದು ಇದ್ದೇ ಇರುತ್ತದೆ: ಒಂದು ಬೀಜ, ಒಂದು ಉಪ್ಪಿನಕಾಯಿಯ ಅಳತೆ, ಒಂದು ಬಾಳಕದ ಹದ. ಅವರು ಕೊಡುತ್ತಾರಲ್ಲ ಎಂದು ನಾವು ಇಟ್ಟುಕೊಳ್ಳದೆ ಹೋಗುತ್ತೇವೆ. ಈ ಬೇಸಗೆಯಲ್ಲಿಯೇ ಅದನ್ನು ಕೇಳಿ ಕಲಿತು ಇನ್ನೊಂದು ಮನೆಗೂ ದಾಟಿಸಬೇಕೆಂದು ಪ್ರಾರ್ಥಿಸುತ್ತೇವೆ. ನಮ್ಮ ಪಾಲಿನ ಬೀಜಗಳನ್ನು ತೊಳೆದು ನೆರಳಲ್ಲಿ ಒಣಗಿಸಿ ಬೂದಿಯಲ್ಲಿ ಹಾಕಿದ್ದೇವೆ. ಅರ್ಧ ನಮ್ಮಲ್ಲಿ, ಇನ್ನರ್ಧ ಪಕ್ಕದ ಮನೆಯಲ್ಲಿ.